ಮಿಸೌರಿಯಲ್ಲಿ ಹಂದಿ ಮಾಂಸ, ಜೀರುಂಡೆ ಮತ್ತು ಸಾಸ್‌ನ ಜಗಳ

ಅಮೆರಿಕದ ಮಿಸೌರಿ ರಾಜ್ಯದ ಪೂರ್ವದ ಅಂಚಿಗೆ ಸೇಂಟ್ ಲೂಯಿಸ್, ಪಶ್ಚಿಮದ ಅಂಚಿಗೆ ಕಾನ್ಸಾಸ್ ಸಿಟಿ. ನಡುವೆ 400 ಕಿಲೋಮೀಟರ್ ಹೆದ್ದಾರಿ. ಎರಡೂ ಊರಿನವರು ಮಾಂಸ ಸುಡುವುದರಲ್ಲಿ ತಾವೇ ಮೇಲು ಎನ್ನುತ್ತಾರೆ. ನನ್ನ ತಮ್ಮ ಸೇಂಟ್ ಲೂಯಿಸ್‌ನ ದಕ್ಷಿಣಕ್ಕಿರುವ ಅಫ್ಟನ್‌ನಲ್ಲಿ ಮನೆ ಮಾಡಿಕೊಂಡಿದ್ದಾನೆ. 2024ರ ಮೇ ಕೊನೆಯ ವಾರ, ಮಡಿದ ಸೈನಿಕರ ನೆನಪಿನ ಸೋಮವಾರವಾದ ಮೆಮೋರಿಯಲ್ ಡೇ ರಜೆಗೆ ಸರಿಯಾಗಿ ನಾನು ಅಲ್ಲಿದ್ದೆ. ಅಮೆರಿಕನ್ನರು ಬೇಸಿಗೆಯ ಒಲೆ ಹಚ್ಚುವುದು ಆ ಸೋಮವಾರವೇ.

ಗುರುವಾರ, ಸೇಂಟ್ ಲೂಯಿಸ್

ಬೆಳಿಗ್ಗೆ ಬಾಗಿಲು ತೆರೆದರೆ ಕಿವಿಗಡಚಿಕ್ಕುವ ಸದ್ದು. ಮೂಡಿಗೆರೆಯ ಮಳೆಗಾಲದ ಜೀರುಂಡೆ ಕೇಳಿ ಬೆಳೆದವನಿಗೂ ಇದು ಅತಿಯಾಯಿತು. ಹದಿಮೂರು ವರ್ಷ ನೆಲದೊಳಗೆ ಬೇರಿನ ರಸ ಹೀರುತ್ತಾ ಕುಳಿತು, ಒಂದೇ ವಸಂತದಲ್ಲಿ ಒಟ್ಟಾಗಿ ಮೇಲೆ ಬರುವ ಜಾತಿ ಅದು. ಹಿಂದಿನ ಬಾರಿ ಬಂದದ್ದು 2011ರಲ್ಲಿ. ಕೆಂಪು ಕಣ್ಣು, ಕಿತ್ತಳೆ ನರಗಳ ರೆಕ್ಕೆ, ಹಾರಲು ಬಾರದ ಹಾರಾಟ. ಮರ, ಗೋಡೆ, ಕಾರಿನ ಕನ್ನಡಿ, ನನ್ನ ಕಾಲರ್ ಎಲ್ಲೆಂದರಲ್ಲಿ ಅಂಟಿಕೊಂಡಿದ್ದವು.

ಕಮಾನನ್ನು ನೋಡದೆ ಈ ಊರು ಬಿಡುವಂತಿಲ್ಲ. ಮಿಸ್ಸಿಸಿಪ್ಪಿ ದಡದ ಗೇಟ್‌ವೇ ಆರ್ಚ್ 1965ರಲ್ಲಿ ಮುಗಿದದ್ದು, 192 ಮೀಟರ್ ಎತ್ತರ. ತುದಿಗೆ ಹೋಗಲು ಐದೈದು ಜನ ಮೊಣಕಾಲು ತಾಗಿಸಿ ಕೂರುವ ಮೊಟ್ಟೆಯಾಕಾರದ ಗೂಡುಗಳಿವೆ. ರಜೆಯ ವಾರ ಹೋಗುವವರು ಟಿಕೆಟ್ ಮೊದಲೇ ತೆಗೆದುಕೊಳ್ಳುವುದು ಒಳ್ಳೆಯದು. ಇಕ್ಕಟ್ಟು ಆಗದವರಿಗೆ ಕೆಳಗಿನಿಂದ ನೋಡಿದರೂ ನಷ್ಟವೇನಿಲ್ಲ.

ಅಲ್ಲಿಂದ ಸೌಲಾರ್ಡ್ ಮಾರುಕಟ್ಟೆ. 1779ರಿಂದ ಅಲ್ಲಿ ವ್ಯಾಪಾರ ನಡೆದಿದೆ ಎನ್ನುತ್ತಾರೆ. ಬುಧವಾರದಿಂದ ಶನಿವಾರದವರೆಗೆ ಮಾತ್ರ ತೆರೆದಿರುತ್ತದೆ, ಹಾಗಾಗಿ ವಾರದ ಲೆಕ್ಕ ನೋಡಿಕೊಂಡು ಹೋಗಬೇಕು. ಹತ್ತಿರದಲ್ಲೇ ಬಡ್‌ವೈಸರ್‌ನ ದೊಡ್ಡ ಬಿಯರ್ ಕಾರ್ಖಾನೆ. ಗಾಳಿ ಆ ಕಡೆಯಿಂದ ಬೀಸಿದರೆ ಬೀದಿಯಿಡೀ ಬೇಯಿಸಿದ ಧಾನ್ಯದ ವಾಸನೆ. ಹತ್ತೊಂಬತ್ತನೇ ಶತಮಾನದಲ್ಲಿ ಇಲ್ಲಿ ನೆಲೆಸಿದ ಜರ್ಮನರು ಬಿಯರನ್ನೂ ಹಂದಿಯನ್ನೂ ಊರಿನ ಊಟಕ್ಕೆ ಖಾಯಂ ಮಾಡಿಟ್ಟರು.

ಮಾರುಕಟ್ಟೆಯ ಮೂಲೆಯಲ್ಲೇ ಬೊಗಾರ್ಟ್ಸ್ ಸ್ಮೋಕ್‌ಹೌಸ್. ಅಲ್ಲಿ ಹೊಗೆಯಲ್ಲಿ ಬೆಂದ ಪಕ್ಕೆಲುಬಿಗೆ ಏಪ್ರಿಕಾಟ್ ಹಣ್ಣಿನ ಪಾಕ ಬಳಿದು, ಬೆಂಕಿ ಉಗುಳುವ ಕೊಳವೆ ಹಿಡಿದು ಮೇಲ್ಮೈಯನ್ನು ಗರಿಯಾಗಿಸುತ್ತಾರೆ. ಹಲ್ಲಿಗೆ ತಾಗುವ ಸಿಹಿ, ಒಳಗೆ ರಸ. ಸೇಂಟ್ ಲೂಯಿಸ್ ಕಟ್ ಎಂದು ಜಗತ್ತಿಗೆಲ್ಲ ಗೊತ್ತಿರುವುದು ಈ ಪಕ್ಕೆಲುಬೇ: ಎದೆಮೂಳೆಯ ಭಾಗ, ಮೆದುಮೂಳೆ ತೆಗೆದುಹಾಕಿ ನೇರ ಆಯತಕ್ಕೆ ಸವರಿದ್ದು. ಮಾಂಸ ಮುಗಿದರೆ ಬಾಗಿಲು ಹಾಕುವ ಪದ್ಧತಿ ಇಂಥ ಅಂಗಡಿಗಳಲ್ಲಿ ಸಾಮಾನ್ಯ, ಮಧ್ಯಾಹ್ನದ ಊಟಕ್ಕೇ ಹೋಗಬೇಕು.

ಸಂಜೆ ತಮ್ಮ ನನ್ನನ್ನು ಊರಿನ ಉತ್ತರದ ಒಂದು ಪುಟ್ಟ ಅಂಗಡಿಗೆ ಕರೆದೊಯ್ದ. ಕಪ್ಪು ಅಮೆರಿಕನ್ನರ ಬಡಾವಣೆ, ಕೂರಲು ಜಾಗವಿಲ್ಲ, ಕಿಟಕಿಯಲ್ಲಿ ದುಡ್ಡು ಕೊಟ್ಟು ಪೊಟ್ಟಣ ತೆಗೆದುಕೊಳ್ಳುವುದಷ್ಟೇ. ಅಲ್ಲಿ ಹಂದಿಯ ಮೂತಿ ಸಿಗುತ್ತದೆ. ಗಂಟೆಗಟ್ಟಲೆ ಬೆಂಕಿಯ ಮೇಲಿಟ್ಟು ಹಪ್ಪಳದಷ್ಟು ಗರಿಗರಿ ಮಾಡಿ, ಮೇಲೆ ಕೆಂಪು ಸಾಸ್ ಸುರಿದು ಕೊಡುತ್ತಾರೆ. ಸಾಸ್ ಇಳಿಯುವ ಮೊದಲು ತಿಂದರೆ ಮುರುಕು, ಹತ್ತು ನಿಮಿಷ ಬಿಟ್ಟರೆ ಚರ್ಮ. ಕಾರಿನ ಬಾನೆಟ್ ಮೇಲಿಟ್ಟು ಅಲ್ಲೇ ತಿಂದೆವು. ಕಿಟಕಿಯೊಳಗಿನ ಹೆಂಗಸು ಕತ್ತು ಹೊರಹಾಕಿ, "ಹೊಸಬರು ಸಾಮಾನ್ಯವಾಗಿ ಇದನ್ನು ಕೇಳುವುದಿಲ್ಲ" ಎಂದರು. ತಲೆ ಮಾಂಸಕ್ಕೆ ಜಗಳವಾಡುವ ಮನೆಯಿಂದ ಬಂದವನು ನಾನು ಎಂದು ಅವರಿಗೆ ಹೇಗೆ ಗೊತ್ತಾಗಬೇಕು?

ರಾತ್ರಿ ಬೇಲಿಯ ಬಳಿ ಪಕ್ಕದ ಮನೆಯ ಹಿರಿಯರು ಸಿಕ್ಕರು. ಎಪ್ಪತ್ತು ದಾಟಿದವರು, ತಲೆಯ ಮೇಲೆ ಊರಿನ ಬೇಸ್‌ಬಾಲ್ ತಂಡ ಕಾರ್ಡಿನಲ್ಸ್‌ನ ಟೋಪಿ, ಕೈಯಲ್ಲಿ ಬಿಯರ್ ಡಬ್ಬಿ. ಇಡೀ ದಿನ ಊರು ಸುತ್ತಿ ಎಲ್ಲಿಯೂ ಈ ಊರಿನ ಹೆಸರಾದ ಪೋರ್ಕ್ ಸ್ಟೇಕ್, ಅಂದರೆ ಹಂದಿ ಭುಜದ ಹಲ್ಲೆ, ಸಿಗಲಿಲ್ಲವೆಂದೆ. ಅವರಿಗೆ ನಗು ಬಂತು. "ಅದನ್ನು ಹೋಟೆಲಿನಲ್ಲಿ ಯಾರು ತಿನ್ನುತ್ತಾರೆ? ಸೋಮವಾರ ನಮ್ಮ ಹಿತ್ತಲಿಗೆ ಬನ್ನಿ." ನದಿಯಾಚೆ ಇಲಿನಾಯ್‌ನ ಬೆಲ್‌ವಿಲ್‌ನಲ್ಲಿ ದಪ್ಪಗೆ ಕತ್ತರಿಸಿ ಬಡಿಸುವ ಹೋಟೆಲೊಂದಿದೆ ಎಂದು ತಮ್ಮ ಹೇಳಿದ. ಹಿರಿಯರು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ನಾವು ಮಾರನೆಯ ದಿನ ಕಾನ್ಸಾಸ್ ಸಿಟಿಗೆ ಹೊರಟಿದ್ದೇವೆಂದು ತಿಳಿದದ್ದೇ ತಡ, ಮುಖ ಸಣ್ಣದಾಯಿತು. 1985ರ ಬೇಸ್‌ಬಾಲ್ ವಿಶ್ವ ಸರಣಿಯ ಆರನೇ ಪಂದ್ಯ, ಕೊನೆಯ ಇನ್ನಿಂಗ್ಸ್, ಅಂಪೈರ್‌ನ ತಪ್ಪು ತೀರ್ಪು, ಸರಣಿ ಕಾನ್ಸಾಸ್ ಸಿಟಿಯ ಪಾಲು: ಎಲ್ಲವನ್ನೂ ನಿನ್ನೆ ನಡೆದದ್ದೆಂಬಂತೆ ವಿವರಿಸಿದರು. "ಹೋಗಿ ಬನ್ನಿ. ನನ್ನ ಅಳಿಯನೂ ಆ ಊರಿನವನೇ. ಸೋಮವಾರ ಅವನ ಪಕ್ಷ ವಹಿಸಬೇಡಿ, ಅಷ್ಟು ಸಾಕು."

ಶುಕ್ರವಾರ, ದಾರಿಯಲ್ಲಿ

ಹೆದ್ದಾರಿ ಸಪಾಟು, ಎರಡೂ ಬದಿ ಮೆಕ್ಕೆಜೋಳ ಮತ್ತು ಸೋಯಾ ಹೊಲ, ನಡುನಡುವೆ ಪಟಾಕಿ ಅಂಗಡಿಗಳ ಜಾಹೀರಾತು ಫಲಕ. ಕಿಂಗ್‌ಡಮ್ ಸಿಟಿ ದಾಟುತ್ತಿದ್ದಂತೆ ಬಲಗಡೆಯ ಹಿಂದಿನ ಟಯರ್ ಕುಸಿಯಿತು. ಜ್ಯಾಕ್ ಇತ್ತು, ಆದರೆ ಟಯರಿನ ಬೋಲ್ಟ್ ಒಂದು ತುಕ್ಕು ಹಿಡಿದು ಅಲುಗಾಡಲಿಲ್ಲ. ತಮ್ಮನ ಹೆಂಡತಿ, ನನ್ನ ನಾದಿನಿ, ನೆರಳು ಹುಡುಕಿ ಹುಲ್ಲಿನ ದಿಬ್ಬದ ಮೇಲೆ ಕುಳಿತು, "ಭಾವ, ಕೊಟ್ಟಿಗೆಹಾರದ ಘಾಟಿಯಲ್ಲಾದರೆ ಇಷ್ಟು ಹೊತ್ತಿಗೆ ನಾಲ್ಕು ಲಾರಿ ನಿಂತಿರುತ್ತಿದ್ದವು" ಎಂದಳು. ಅವಳ ಮಾತು ಮುಗಿಯುವ ಮುಂಚೆ ಪಿಕಪ್ ಒಂದು ನಿಂತಿತು.

ಇಳಿದವರು ಅಲ್ಲಿನ ರೈತರು. ಬೋಲ್ಟಿಗೆ ಎಣ್ಣೆ ಚಿಮುಕಿಸಿ, ಪಾನಾದ ಹಿಡಿಗೆ ಉದ್ದದ ಕಬ್ಬಿಣದ ಕೊಳವೆ ತೂರಿಸಿ ಒಂದೇ ಎಳೆತಕ್ಕೆ ಬಿಡಿಸಿದರು. ಎಲ್ಲಿಂದ, ಎಲ್ಲಿಗೆ, ಯಾಕೆ ಎಂದು ವಿಚಾರಿಸಿದರು. ಊಟಕ್ಕಾಗಿಯೇ 400 ಕಿಲೋಮೀಟರ್ ಎಂದಾಗ ಗಂಭೀರವಾಗಿ ತಲೆಯಾಡಿಸಿದರು, ಅದು ಅವರಿಗೆ ಸರಿಯಾದ ಕಾರಣವೆನಿಸಿರಬೇಕು. "ಎರಡೂ ಊರಿನವರು ಮಾಂಸವನ್ನು ಸಾಸ್‌ನಲ್ಲಿ ಮುಳುಗಿಸುತ್ತಾರೆ. ನಮ್ಮ ಚರ್ಚಿನಲ್ಲಿ ದೇಣಿಗೆ ಎತ್ತಲು ಪೋರ್ಕ್ ಸ್ಟೇಕ್ ಸುಡುತ್ತೇವೆ. ವಿನೆಗರ್, ನೀರು, ಉಪ್ಪು, ಕರಿಮೆಣಸು, ಬೆಣ್ಣೆ. ಚಿಮುಕಿಸುತ್ತಾ ಇರಬೇಕು. ಸಾಸ್ ಬೇಕಾದವರು ಮನೆಯಲ್ಲಿ ಹಾಕಿಕೊಳ್ಳಲಿ." ಟಯರಿಗೆ ದುಡ್ಡು ತೆಗೆದುಕೊಳ್ಳಲಿಲ್ಲ. ನಮ್ಮ ಕಾರಿನಲ್ಲಿದ್ದ ಕೋಡುಬಳೆಯ ಪೊಟ್ಟಣವನ್ನು ತಮ್ಮ ಅವರಿಗೆ ಕೊಟ್ಟ. ಒಂದು ಕಡಿದು, ಪೊಟ್ಟಣವನ್ನು ಪಿಕಪ್‌ನ ಮುಂದಿನ ಸೀಟಿಗೆ ಭದ್ರವಾಗಿ ಇಟ್ಟುಕೊಂಡರು.

ಕೊಲಂಬಿಯಾದಲ್ಲಿ ಟಯರ್ ಸರಿಮಾಡಿಸಿ ಮುಂದೆ ಹೋದರೆ ರೋಚ್‌ಪೋರ್ಟ್ ಬಳಿ ಮಿಸೌರಿ ನದಿಯ ಸೇತುವೆ. ಆಷಾಢದ ಹೇಮಾವತಿಯಂತೆ ಕೆಂಪು ನೀರು, ದಡದಲ್ಲಿ ಸುಣ್ಣಕಲ್ಲಿನ ಬಂಡೆಗೋಡೆ. ಇಡೀ ದಾರಿಯಲ್ಲಿ ಕಣ್ಣು ನಿಲ್ಲುವ ಜಾಗ ಇದೊಂದೇ.

ಕತ್ತಲಾಗುವ ಹೊತ್ತಿಗೆ ಕಾನ್ಸಾಸ್ ಸಿಟಿ. ಹಸಿವಿನ ಆವೇಶದಲ್ಲಿ ಗೇಟ್ಸ್‌ಗೆ ನುಗ್ಗಿದೆವು. 1946ರಿಂದ ನಡೆದುಬಂದ ಕುಟುಂಬದ ಹೋಟೆಲು. ಬಾಗಿಲು ದೂಡಿದೊಡನೆ ಕೌಂಟರ್ ಹಿಂದಿನಿಂದ "ಏನು ಬೇಕು?" ಎಂಬ ಕೂಗು. ಅಲ್ಲಿನ ಸಂಪ್ರದಾಯವೇ ಹಾಗೆ, ಗದರಿಸಿದರೆಂದು ಹೆದರಬಾರದು. ಸಾಲಿನಲ್ಲಿ ನಿಂತಾಗಲೇ ತೀರ್ಮಾನ ಮಾಡಿಟ್ಟುಕೊಳ್ಳದಿದ್ದರೆ ಹಿಂದಿನವರು ಬಿಡುವುದಿಲ್ಲ. ಸಾಸ್ ಟೊಮೆಟೊದ್ದು, ಆದರೆ ನಾನು ಎಣಿಸಿದಷ್ಟು ಸಿಹಿಯಲ್ಲ, ಮಸಾಲೆಯ ಘಾಟು ಮುಂದೆ.

ಶನಿವಾರ, ಕಾನ್ಸಾಸ್ ಸಿಟಿ

ಈ ಊರಿನಲ್ಲಿ ನನಗೊಂದು ತೊಡಕಿತ್ತು. ನಾನು ದನದ ಮಾಂಸ ತಿನ್ನುವುದಿಲ್ಲ. ಕಾನ್ಸಾಸ್ ಸಿಟಿಯಾದರೋ ದನದ ಸಂತೆಯಿಂದ ಬೆಳೆದ ಊರು. ರೈಲು ಹಳಿಗಳ ಪಕ್ಕದ ಆ ದೊಡ್ಡ ದೊಡ್ಡಿಗಳು ಮುಚ್ಚಿದ್ದು 1991ರಲ್ಲಿ. ಊರಿನ ಹೆಮ್ಮೆಯಾದ ಸುಟ್ಟ ತುದಿಗಳು ದನದ ಎದೆಭಾಗದ ನೆಣವಿರುವ ಅಂಚು, ಹೊಗೆಯಲ್ಲಿ ಕಪ್ಪಾದದ್ದು. ಒಂದು ಕಾಲದಲ್ಲಿ ಕೌಂಟರಿನ ಮೇಲೆ ಚೂರುಪಾರಾಗಿ ಬಿದ್ದಿರುತ್ತಿದ್ದ ಅದನ್ನು ಸಾಲಿನಲ್ಲಿ ನಿಂತವರು ಬಿಟ್ಟಿಯಾಗಿ ಬಾಯಿಗೆ ಹಾಕಿಕೊಳ್ಳುತ್ತಿದ್ದರಂತೆ. ಈಗ ಅದಕ್ಕೇ ಹೆಚ್ಚು ಬೆಲೆ. ನಮ್ಮಂಥವರು ಪಲ್ಯವೆಂದು ನಂಬಿ ಬೀನ್ಸ್ ತೆಗೆದುಕೊಳ್ಳುವ ಮೊದಲೂ ಕೇಳಿಕೊಳ್ಳಬೇಕು, ಅದರೊಳಗೂ ದನದ ಮಾಂಸದ ಚೂರು ಇರುವುದುಂಟು.

ಹನ್ನೊಂದಕ್ಕೆ ಮೊದಲೇ ಜೋಸ್‌ಗೆ ಹೋದೆವು. ಗಡಿ ದಾಟಿ ಪಕ್ಕದ ಕಾನ್ಸಾಸ್ ರಾಜ್ಯಕ್ಕೆ ಸೇರಿದ ಪೆಟ್ರೋಲ್ ಬಂಕಿನೊಳಗಿನ ಹೋಟೆಲು. ಒಂದು ಬದಿಯಲ್ಲಿ ಪೆಟ್ರೋಲ್, ಇನ್ನೊಂದು ಬದಿಯಲ್ಲಿ ಪಕ್ಕೆಲುಬು. ಭಾನುವಾರ ಬಾಗಿಲು ತೆರೆಯುವುದಿಲ್ಲವಾದ್ದರಿಂದ ಶನಿವಾರದ ಸಾಲು ಗೋಡೆಗುಂಟ ಬಳಸಿ ನಿಂತಿತ್ತು. ತಮ್ಮ ಈರುಳ್ಳಿ ಬಳೆ, ಚೀಸ್, ದನದ ಮಾಂಸ ಪೇರಿಸಿದ ಸ್ಯಾಂಡ್‌ವಿಚ್ ತಿಂದ. ನಾನು ಎಳೆಎಳೆಯಾಗಿ ಬಿಡಿಸಿದ ಹಂದಿ ಭುಜದ ಮಾಂಸ ತಿಂದೆ. ಅಷ್ಟು ಹೊಗೆ ಹಿಡಿದ ಮಾಂಸಕ್ಕೆ ಸಾಸ್ ಯಾಕೆ ಎಂದು ಮೊದಲ ಬಾರಿ ಅನಿಸಿದ್ದು ಇಲ್ಲಿ.

ಮಧ್ಯಾಹ್ನ ಸುಡುಬಿಸಿಲು. 18ನೇ ಬೀದಿ ಮತ್ತು ವೈನ್ ಬೀದಿ ಕೂಡುವಲ್ಲಿ ಜಾಸ್ ಸಂಗೀತದ ಮ್ಯೂಸಿಯಂ, ಅದೇ ಕಟ್ಟಡದಲ್ಲಿ ನೀಗ್ರೋ ಲೀಗ್ ಬೇಸ್‌ಬಾಲ್ ಮ್ಯೂಸಿಯಂ. ಕಪ್ಪು ಆಟಗಾರರನ್ನು ದೊಡ್ಡ ತಂಡಗಳು ಹೊರಗಿಟ್ಟಿದ್ದ ಕಾಲದ ಅಂಗಿ, ಕೈಗವಸು, ಬಸ್ ಪ್ರಯಾಣದ ಫೋಟೋಗಳು. ಹೊಟ್ಟೆಯ ಚಿಂತೆ ಬಿಟ್ಟು ಅಲ್ಲಿ ಹೆಚ್ಚು ಹೊತ್ತು ಕಳೆದೆವು.

ಅಲ್ಲಿಂದ ಕೆಲವೇ ಬೀದಿಗಳಾಚೆ ಬ್ರೂಕ್ಲಿನ್ ಅವೆನ್ಯೂನಲ್ಲಿ ಆರ್ಥರ್ ಬ್ರಯಂಟ್ಸ್. ಇದರ ವಂಶಾವಳಿ ಹೆನ್ರಿ ಪೆರಿಗೆ ಹೋಗಿ ಮುಟ್ಟುತ್ತದೆ. ಟೆನ್ನೆಸ್ಸಿಯ ಮೆಂಫಿಸ್ ಸೀಮೆಯಲ್ಲಿ ಹುಟ್ಟಿ, ದೋಣಿಗಳ ಅಡುಗೆಮನೆಯಲ್ಲಿ ದುಡಿದು, 1908ರ ಸುಮಾರಿಗೆ ಈ ಊರಿನ ಬಟ್ಟೆ ಕಾರ್ಖಾನೆಗಳ ಬೀದಿಯಲ್ಲಿ ಸುಟ್ಟ ಮಾಂಸವನ್ನು ಪತ್ರಿಕೆಯ ಹಾಳೆಯಲ್ಲಿ ಸುತ್ತಿ ಮಾರಿದ ಕಪ್ಪು ಮನುಷ್ಯ. ದನ, ಹಂದಿ ಮಾತ್ರವಲ್ಲ, ರಕೂನ್ ಕೂಡ ಆತನ ಒಲೆಯ ಮೇಲಿತ್ತು. 1940ರಲ್ಲಿ ಪೆರಿ ತೀರಿಕೊಂಡ ಮೇಲೆ ಆತನ ಕೈಕೆಳಗಿದ್ದ ಚಾರ್ಲಿ ಬ್ರಯಂಟ್, ಚಾರ್ಲಿಯ ನಂತರ ಅವರ ತಮ್ಮ ಆರ್ಥರ್ ನಡೆಸಿದರು. ಪೆರಿಯ ಸಾಸ್ ನೆತ್ತಿಗೇರುವಷ್ಟು ಖಾರವಿತ್ತಂತೆ, ಆರ್ಥರ್ ಅದನ್ನು ಸ್ವಲ್ಪ ಇಳಿಸಿದರಂತೆ.

ಸಾಧಾರಣ ಮೇಜು, ಗೋಡೆಯ ಮೇಲೆ ಬಂದುಹೋದ ಅಧ್ಯಕ್ಷರ ಫೋಟೋ. ಬಿಳಿ ಬ್ರೆಡ್ಡಿನ ಮೇಲೆ ಮಾಂಸದ ರಾಶಿ, ಪಕ್ಕದಲ್ಲಿ ಉಪ್ಪಿನಕಾಯಿ ಸೌತೆ. ಸಾಸ್ ಬಾಟಲಿ ಮೇಜಿನ ಮೇಲೇ ಇತ್ತು. ಇಟ್ಟಿಗೆ ಬಣ್ಣ, ನಾಲಿಗೆಗೆ ತರಿತರಿ, ಮೊದಲು ವಿನೆಗರಿನ ಹುಳಿ, ಆಮೇಲೆ ಮೆಣಸು. ಸಿಹಿ ಹುಡುಕಬೇಕು. ಕಾನ್ಸಾಸ್ ಸಿಟಿಯ ಸಾಸ್ ಎಂದರೆ ಕಾಕಂಬಿ ಸುರಿದ ಮಂದ ಸಿಹಿ ಎಂದು ನನಗೆ ಹೇಳಿದವರೆಲ್ಲ ಸೂಪರ್ ಮಾರ್ಕೆಟ್ಟಿನ ಬಾಟಲಿಯ ಮಾತು ಹೇಳಿದ್ದರು. ಆ ಸಿಹಿಯನ್ನು ದೇಶಕ್ಕೆಲ್ಲ ಹಂಚಿದ್ದು ರಿಚ್ ಡೇವಿಸ್ ಎಂಬ ಮಕ್ಕಳ ಮನೋವೈದ್ಯರು, 1977ರಲ್ಲಿ ಆರಂಭಿಸಿದ ತಮ್ಮ ಕೆಸಿ ಮಾಸ್ಟರ್‌ಪೀಸ್ ಮೂಲಕ. ಕೆಲವು ವರ್ಷಗಳಲ್ಲಿ ಅದು ದೊಡ್ಡ ಕಂಪನಿಯ ಕೈಸೇರಿತು. ಊರಿನ ಹೆಸರಿನಲ್ಲಿ ನಡೆಯುವ ಈ ಜಗಳದ ಅರ್ಧ ಭಾಗ ಬಾಟಲಿಯ ಚೀಟಿಯಿಂದ ಹುಟ್ಟಿದ್ದು ಎಂದು ನನ್ನ ಗುಮಾನಿ. ಇದನ್ನು ಪಕ್ಕದ ಮೇಜಿನವರಿಗೆ ಹೇಳಿದೆ. ಅವರು ಮೂರು ತಲೆಮಾರಿನಿಂದ ಇಲ್ಲಿ ಉಣ್ಣುವವರು. ಒಪ್ಪಿದರು, ಆದರೆ ಮನೆಯಲ್ಲಿ ಮಕ್ಕಳಿಗೆ ಅದೇ ಸಿಹಿ ಬಾಟಲಿ ಬೇಕೆಂದು ಗೊಣಗಿದರು.

ಭಾನುವಾರ, ಮಳೆ

ನಾವು ಉಳಿದಿದ್ದ ಮೋಟೆಲಿನ ಎಸಿ ರಾತ್ರಿಯಿಡೀ ಕೆಮ್ಮುತ್ತಾ ನೀರು ಸುರಿಸಿತು. ಬೆಳಿಗ್ಗೆ ಹೊರಗೂ ಅದೇ ಕಥೆ. ಗುಡುಗು, ಅಡ್ಡಮಳೆ, ಮೊಬೈಲಿನಲ್ಲಿ ಎಚ್ಚರಿಕೆಯ ಚೀರಾಟ. ವಸಂತದಲ್ಲಿ ಈ ರಾಜ್ಯದಲ್ಲಿ ಕಾರು ಓಡಿಸುವವರು ಹವಾಮಾನದ ಸಂದೇಶವನ್ನು ಆರಿಸಿಡಬಾರದು, ಸುಂಟರಗಾಳಿ ಹೇಳಿ ಕೇಳಿ ಬರುವುದಿಲ್ಲ. ಒಂದು ವಿಶ್ರಾಂತಿ ತಾಣದಲ್ಲಿ ಮಳೆ ನಿಲ್ಲುವವರೆಗೆ ಲಾರಿ ಚಾಲಕರ ನಡುವೆ ನಿಂತೆವು. ಮನೆ ಸೇರಿದಾಗ ರಾತ್ರಿ. ನಾದಿನಿ ಅನ್ನ, ಬಸ್ಸಾರು ಮಾಡಿದಳು. ಮೂವರೂ ಮಾತಿಲ್ಲದೆ ಉಂಡೆವು.

ಸೋಮವಾರ, ಪಕ್ಕದ ಮನೆಯ ಹಿತ್ತಲು

ಮಳೆ ತೊಳೆದ ಆಕಾಶ, ಜೀರುಂಡೆಗಳಿಗೆ ದುಪ್ಪಟ್ಟು ಉತ್ಸಾಹ. ಹಿರಿಯರು ಹತ್ತು ಗಂಟೆಗೇ ಮಾಂಸ ಹೊರಗಿಟ್ಟಿದ್ದರು. ಪೋರ್ಕ್ ಸ್ಟೇಕ್ ಎಂದರೆ ಹಂದಿಯ ಭುಜವನ್ನು ಮೂಳೆ ಸಮೇತ ಗರಗಸದಲ್ಲಿ ಅಡ್ಡಕ್ಕೆ ಕೊಯ್ದ ಹಲ್ಲೆಗಳು. ಅಗ್ಗದ ಮಾಂಸ, ನಡುವೆ ನೆಣದ ಗೆರೆ, ಬ್ಲೇಡ್ ಮೂಳೆಯ ಚೂರು. ಅಂಗಡಿಯಲ್ಲಿ ಕೊಳ್ಳುವವರು ಮುಕ್ಕಾಲು ಅಂಗುಲಕ್ಕಿಂತ ತೆಳುವಾದದ್ದನ್ನು ಮುಟ್ಟಬಾರದು, ಅದು ಬೆಂಕಿಯಲ್ಲಿ ಒಣಗಿ ಹಲಗೆಯಾಗುತ್ತದೆ ಎಂದು ಅವರ ತಾಕೀತು.

ಅಳಿಯ ತನ್ನದೇ ಒಲೆ ತಂದಿದ್ದ. ಮಾವ ಒಂದು ಕಡೆ, ಅಳಿಯ ಇನ್ನೊಂದು ಕಡೆ, ಮಗಳು ನಡುವೆ ಮಡಿಸುವ ಕುರ್ಚಿ ಹಾಕಿಕೊಂಡು, "ಪ್ರತಿ ವರ್ಷವೂ ಇದೇ" ಎಂದು ನಾದಿನಿಗೆ ಹೇಳಿದಳು.

ಮಾವನ ವಿಧಾನ: ಉಪ್ಪು, ಮೆಣಸು, ಬೆಳ್ಳುಳ್ಳಿ ಪುಡಿ. ಇದ್ದಿಲು ಬೂದಿ ಬಣ್ಣಕ್ಕೆ ತಿರುಗಿದ ಮೇಲೆ ನೇರ ಕೆಂಡದ ಮೇಲೆ ಎರಡೂ ಮಗ್ಗುಲು ಕಂದಿಸುವುದು. ನೆಣ ತೊಟ್ಟಿಕ್ಕಿ ಜ್ವಾಲೆ ಎದ್ದರೆ ಬಿಯರ್ ಚಿಮುಕಿಸಿ ಅಡಗಿಸುವುದು. ಆಮೇಲೆ ಅಲ್ಯೂಮಿನಿಯಂ ತಟ್ಟೆಯಲ್ಲಿ ಈರುಳ್ಳಿ ಹಾಸಿ, ಮಾಂಸ ಪೇರಿಸಿ, ಒಂದು ಡಬ್ಬಿ ಬಿಯರ್ ಮತ್ತು ಮಾಲ್ಸ್ ಸಾಸ್ ಸುರಿದು, ಹಾಳೆ ಮುಚ್ಚಿ, ಕೆಂಡ ಪಕ್ಕಕ್ಕೆ ಸರಿಸಿ ಒಂದು ಗಂಟೆಗೂ ಮೀರಿ ಬೇಯಲು ಬಿಡುವುದು. ಮಾಲ್ಸ್ 1926ರಲ್ಲಿ ಈ ಊರಿನಲ್ಲಿ ಮಾರಾಟಕ್ಕೆ ಬಂದ ಸಾಸ್, ತೆಳು, ಹುಳಿ ಮುಂದಾದದ್ದು. ಬೇರೆ ಸಾಸ್ ಹಾಕಬಹುದೇ ಎಂದೆ. ಅವರು ನನ್ನನ್ನು ನೋಡಿದ ರೀತಿಗೆ ಪ್ರಶ್ನೆ ವಾಪಸ್ ತೆಗೆದುಕೊಂಡೆ.

ಅಳಿಯನ ವಿಧಾನ: ಕೆಂಡ ಒಂದೇ ಬದಿಗೆ, ಮಾಂಸ ಇನ್ನೊಂದು ಬದಿಗೆ, ಹಿಕರಿ ಮರದ ತುಂಡಿನ ಹೊಗೆ, 120 ಡಿಗ್ರಿ ಶಾಖದಲ್ಲಿ ಎರಡು ಗಂಟೆಗೂ ಹೆಚ್ಚು. ಸಾಸ್ ಕೊನೆಯ ಹತ್ತು ನಿಮಿಷಕ್ಕೆ, ಕುಂಚದಲ್ಲಿ. ಮೊದಲೇ ಬಳಿದರೆ ಸಕ್ಕರೆ ಸೀದು ಕಹಿಯಾಗುತ್ತದೆ.

"ನೀವು ಮಾಡುತ್ತಿರುವುದು ಸೂಪ್" ಎಂದ ಅಳಿಯ.

"ನೀನು ಮಾಡುತ್ತಿರುವುದು ಚಪ್ಪಲಿ" ಎಂದರು ಮಾವ.

ಅಷ್ಟರಲ್ಲಿ ಮುಚ್ಚಳದ ಹಾಳೆ ಎತ್ತಿದ ಕ್ಷಣಕ್ಕೇ ಜೀರುಂಡೆಯೊಂದು ಮೇಪಲ್ ಮರದಿಂದ ನೇರವಾಗಿ ಸಾಸ್‌ಗೆ ಬಿತ್ತು. ಹಿರಿಯರು ಇಕ್ಕಳದಲ್ಲಿ ಎತ್ತಿ ಹುಲ್ಲಿಗೆಸೆದರು. ಅಳಿಯ ಒಂದಕ್ಷರ ಆಡಲಿಲ್ಲ, ಬಿಯರ್ ಡಬ್ಬಿ ಎತ್ತಿ ಜೀರುಂಡೆಗೆ ಗೌರವ ಸೂಚಿಸಿದ. ಆ ಮೇಲೆ ಹಾಳೆ ಎತ್ತುವಾಗಲೆಲ್ಲ ನಾನು ತಲೆಯ ಮೇಲೆ ಟ್ರೇ ಹಿಡಿದು ನಿಲ್ಲಬೇಕೆಂದು ತೀರ್ಮಾನವಾಯಿತು.

ಎರಡೂ ತಟ್ಟೆ ಬಂದವು. ಭುಜ ದಿನವಿಡೀ ದುಡಿಯುವ ಸ್ನಾಯು. ಅದರೊಳಗಿನ ಗಟ್ಟಿ ನಾರು ಕರಗಿ ಅಂಟಾಗಬೇಕಾದರೆ ಒಳಗಿನ ಶಾಖ 90 ಡಿಗ್ರಿಯ ಹತ್ತಿರ ಏರಿ ನಿಲ್ಲಬೇಕು. ಇಬ್ಬರೂ ಬೇರೆ ಬೇರೆ ದಾರಿಯಲ್ಲಿ ಅಲ್ಲಿಗೇ ತಲುಪಿದ್ದರು. ಅಳಿಯನ ಮಾಂಸದಲ್ಲಿ ಹೊಗೆಯ ಗುಲಾಬಿ ಅಂಚು, ಕಚ್ಚಿದರೆ ಗಟ್ಟಿತನವಿದ್ದೂ ಬಿಡುವ ಹದ. ಮಾವನದು ಮೂಳೆಯಿಂದ ತಾನೇ ಜಾರಿತು, ಅಡಿಯಲ್ಲಿ ನೆಣ, ಬಿಯರ್, ಸಾಸ್, ಈರುಳ್ಳಿ ಕೂಡಿದ ಗೊಜ್ಜು. ಅದಕ್ಕೆ ಬಿಳಿ ಬ್ರೆಡ್ ಅದ್ದಿ ತಿನ್ನಬೇಕು.

ತೀರ್ಪು ಹೇಳೆಂದು ಇಬ್ಬರೂ ನನ್ನತ್ತ ತಿರುಗಿದರು. ಬಲ್ಲವರ ಮೆಚ್ಚುಗೆ ಅಳಿಯನಿಗೇ ಸಿಗಬೇಕು, ಮಾಂಸದ ಮಟ್ಟಿಗೆ ಅವನದೇ ಕುಶಲ. ಆದರೆ ನಾನು ಮಾವನ ತಟ್ಟೆಗೆ ಕೈಹಾಕಿದೆ. ನಮ್ಮ ಮಲೆನಾಡಿನಲ್ಲಿ ಹಂದಿಯನ್ನು ಮೊದಲು ಹುಲ್ಲಿನ ಉರಿಯಲ್ಲಿ ಸುಟ್ಟು, ಚರ್ಮಕ್ಕೆ ಹೊಗೆ ಹಿಡಿಸಿ, ಆಮೇಲೇ ಸಾರಿಗೆ ಹಾಕುತ್ತೇವೆ, ಕಡುಬು ಆ ಸಾರನ್ನು ಹೀರಬೇಕು ಎಂದು ವಿವರಿಸಿದೆ. ಮೊದಲು ಬೆಂಕಿ, ಆಮೇಲೆ ರಸ. ಒಣ ಮಾಂಸ ಎಷ್ಟೇ ಚೆಂದವಿರಲಿ, ನನಗೆ ಊಟ ಮುಗಿದಂತೆ ಅನಿಸುವುದಿಲ್ಲ. ಕೊಡಗಿನವರು ಇದೇ ಹಂದಿಗೆ ಕಾಚಂಪುಳಿ ಹಾಕಿ ಕಪ್ಪಗೆ, ಹುಳಿಯಾಗಿ ಮಾಡುತ್ತಾರೆ, ಘಟ್ಟದ ಈ ಎರಡು ಸೀಮೆಗಳ ನಡುವೆಯೂ ಯಾರದು ಮೇಲೆಂಬ ಮಾತು ಮುಗಿದಿಲ್ಲ ಎಂದೂ ಸೇರಿಸಿದೆ. ಹಿರಿಯರು ಕೇಳಿದ್ದು ಒಂದೇ: "ಆ ಕಪ್ಪು ಹುಳಿ ಬಾಟಲಿಯಲ್ಲಿ ಸಿಗುತ್ತದೆಯೇ?"

ಮುಂದಿನ ಸಲ ದಕ್ಷಿಣಕ್ಕೆ ಇಳಿದು, ಸಾಸ್ ಇಲ್ಲದೆ ಒಣ ಮಸಾಲೆ ಉದುರಿಸಿ ಕೊಡುವ ಮೆಂಫಿಸ್‌ನ ಪಕ್ಕೆಲುಬು ನೋಡಿಬರುವ ಆಸೆಯಿದೆ ಎಂದೆ. ಮಾವ, ಅಳಿಯ ಇಬ್ಬರೂ ಒಟ್ಟಿಗೆ ತಲೆಯಾಡಿಸಿ, ಆ ದುಡ್ಡನ್ನು ಪೆಟ್ರೋಲಿಗೆ ಹಾಳು ಮಾಡಬೇಡಿ ಎಂದರು.